ಗೂಳಿಗಿಟ್ಟ ದೃಷ್ಟಿಬೊಟ್ಟು

ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಹೊರಟರೆ ಹೈವೇ ಪಕ್ಕದಲ್ಲಿ ಒಂದು ದೊಡ್ಡ ಹೋಟೆಲು. ಅದರ ಪಾರ್ಕಿಂಗ್ ಜಾಗದಲ್ಲಿ ನೀಲಿ ಅಂಗಿ ತೊಟ್ಟು ನಿಂತಿರುವ ಚಿಕ್ಕತಿಮ್ಮಪ್ಪನನ್ನು ನೀವು ನೋಡಿಯೇ ಇರುತ್ತೀರಿ. ನೋಡಿದ್ದು ನೆನಪಿರುವುದಿಲ್ಲ, ಅಷ್ಟೆ. ಕಾರು ನಿಲ್ಲಿಸುವವರಿಗೆ ಅವನ ಕೈ ಬೇಕು, ಮುಖ ಬೇಕಿಲ್ಲ. ಕೈ ಬಲಕ್ಕೆ ಅಂದರೆ ಬಲಕ್ಕೆ, ಸಾಕು ಅಂದರೆ ಸಾಕು. ಇಡ್ಲಿ ತಿಂದು ಹೊರಡುವಾಗ ಮತ್ತೆ ಅದೇ ಕೈ ದಾರಿ ಬಿಡಿಸುತ್ತದೆ. ಹೀಗೆ ದಿನಕ್ಕೆ ನೂರಾರು ಜನ ಅವನೆದುರು ಹಾದುಹೋಗುತ್ತಾರೆ, ನಿಂತು ಮಾತಾಡುವವರು ಒಬ್ಬರೂ ಇಲ್ಲ.

ಮತ್ತೋಡಿನ ಹತ್ತಿರದ ಒಂದು ಗೊಲ್ಲರಹಟ್ಟಿ ಅವನ ಊರು. ಐವತ್ತು ತುಂಬುವವರೆಗೆ ಕುರಿ ಕಾದ. ಮೊಣಕಾಲು ಕೈಕೊಟ್ಟ ಮೇಲೆ ಕುರಿಗಳನ್ನು ಅಣ್ಣತಮ್ಮಂದಿರಿಗೆ ಬಿಟ್ಟು ಈ ಕೆಲಸಕ್ಕೆ ಬಂದ. ಹೋಟೆಲಿನವರು ಕೊಟ್ಟ ಪ್ಲಾಸ್ಟಿಕ್ ಪೀಪಿ ಕೊರಳಲ್ಲಿ ಸುಮ್ಮನೆ ತೂಗುತ್ತಿರುತ್ತದೆ. ಅವನು ಶಿಳ್ಳೆ ಹಾಕುವುದು ನಾಲಗೆ ಮಡಿಸಿ, ಕುರಿಗೆ ಹಾಕುತ್ತಿದ್ದ ಹಾಗೆಯೇ. ಆ ಶಿಳ್ಳೆಗೆ ಎಂಥ ದೊಡ್ಡ ಕಾರಿನವನೂ ಬೆಚ್ಚಿ ಬ್ರೇಕ್ ಒತ್ತುತ್ತಾನೆ. ಹೆಂಡತಿ ಕೆಂಚಕ್ಕ ತೀರಿಕೊಂಡು ಆರು ವರ್ಷವಾಯಿತು. ಮಗಳು ಯಶೋದಾ ಹೊಳಲ್ಕೆರೆಗೆ ಸೊಸೆಯಾಗಿ ಹೋಗಿದ್ದಾಳೆ, ವಾರಕ್ಕೊಮ್ಮೆ ಫೋನ್ ಮಾಡಿ ಊಟ ಆಯಿತಾ ಎಂದು ಕೇಳುತ್ತಾಳೆ. ಆಯಿತು ಎನ್ನುತ್ತಾನೆ. ಅಲ್ಲಿಗೆ ಆ ವಾರದ ಮಾತು ಮುಗಿಯಿತು.

ಮೊದಲು ಹೀಗಿರಲಿಲ್ಲ. ಮೊದಲು ರಂಗಯ್ಯ ಇದ್ದ.

ರಂಗಯ್ಯ ಮಾರಿಕಣಿವೆ ಕಡೆಯವನು, ಇವನಿಗಿಂತ ನಾಲ್ಕು ವರ್ಷ ದೊಡ್ಡವನು. ಇಪ್ಪತ್ತು ವರ್ಷ ಟ್ರ್ಯಾಕ್ಟರ್ ಓಡಿಸಿ ಸೊಂಟ ಹಾಳು ಮಾಡಿಕೊಂಡು ಇಲ್ಲಿಗೆ ಬಂದಿದ್ದ. ಪಾರ್ಕಿಂಗಿನ ಎರಡು ಗೇಟಿಗೆ ಇಬ್ಬರು ಕಾವಲುಗಾರರು, ಮಧ್ಯೆ ಒಂದು ಬೇವಿನ ಮರ, ಮರದ ಕೆಳಗೆ ಎರಡು ಸ್ಟೂಲು. ಈ ಇಬ್ಬರಿಗೂ ಬದುಕಿನಲ್ಲಿ ಯಾವ ಹುಚ್ಚೂ ಹಿಡಿದಿರಲಿಲ್ಲ. ಹಿಡಿದಿದ್ದು ಒಂದೇ, ಅದೂ ಅರವತ್ತರ ಹತ್ತಿರದಲ್ಲಿ, ಅದೂ ಇಟಲಿಯ ಕಾರುಗಳದು.

ಭಾನುವಾರ ಬೆಳಿಗ್ಗೆ ಎಂಟರ ಹೊತ್ತಿಗೆ ಬೆಂಗಳೂರಿನಿಂದ ಆ ಕಾರುಗಳು ಬರುತ್ತವೆ. ಶ್ರೀಮಂತರ ಮಕ್ಕಳು, ಕೆಲವರು ಸ್ವತಃ ಶ್ರೀಮಂತರು, ರಸ್ತೆ ಖಾಲಿ ಇರುವಾಗ ಓಡಿಸಿಕೊಂಡು ಬಂದು ಇಲ್ಲಿ ದೋಸೆ ತಿಂದು ತಿರುಗಿ ಹೋಗುತ್ತಾರೆ. ದೋಸೆಗೆ ಇಷ್ಟು ದೂರ ಬರುವವರನ್ನು ಕಂಡರೆ ನನಗೆ ನಗು ಬರುತ್ತದೆ, ಆದರೆ ತಿಮ್ಮಪ್ಪ ನಗುತ್ತಿರಲಿಲ್ಲ. ಆ ಕಾರುಗಳ ಹೊಟ್ಟೆ ನೆಲಕ್ಕೆ ತಾಗುವಷ್ಟು ಕೆಳಗೆ. ಗೇಟಿನ ಹಂಪ್ ಹತ್ತಿಸಬೇಕಾದರೆ ಎರಡು ಹಲಗೆ ಓರೆಯಾಗಿ ಇಟ್ಟು, ಒಬ್ಬ ಮುಂದೆ ಕೂತು ಹೊಟ್ಟೆ ನೋಡಬೇಕು, ಇನ್ನೊಬ್ಬ ಪಕ್ಕದಲ್ಲಿ ನಿಂತು ಕೈ ಆಡಿಸಬೇಕು. ಹೆರಿಗೆ ಮಾಡಿಸುವವರಷ್ಟು ಶ್ರದ್ಧೆಯಿಂದ ಇಬ್ಬರೂ ಆ ಕೆಲಸ ಮಾಡುತ್ತಿದ್ದರು.

ಇಂಗ್ಲಿಷ್ ಇಬ್ಬರಿಗೂ ಬರುತ್ತಿರಲಿಲ್ಲ. ಮೂತಿಯ ಮೇಲಿನ ಗುರುತು ನೋಡಿ ಫೆರಾರಿಗೆ ಕುದುರೆ ಎಂದೂ ಲಂಬೋರ್ಗಿನಿಗೆ ಗೂಳಿ ಎಂದೂ ಹೆಸರಿಟ್ಟುಕೊಂಡಿದ್ದರು. ತಿಮ್ಮಪ್ಪ ಕುದುರೆಯ ಕಡೆ, ರಂಗಯ್ಯ ಗೂಳಿಯ ಕಡೆ. ಯಾಕೆ ಎಂದು ಕೇಳಬೇಡಿ, ಪಕ್ಷ ಹಿಡಿದ ಮೇಲೆ ಕಾರಣ ತಾನಾಗಿ ಹುಟ್ಟುತ್ತದೆ.

‘ಕುದುರೆ ದನಿ ಕೇಳು ರಂಗಣ್ಣ,’ ಎನ್ನುತ್ತಿದ್ದ ತಿಮ್ಮಪ್ಪ. ‘ಸಣ್ಣಗೆ ಶುರುವಾಗಿ ಮೇಲಕ್ಕೆ ಮೇಲಕ್ಕೆ ಹೋಗ್ತೈತೆ. ನಿನ್ ಗೂಳಿ ಗಂಟ್ಲು ಕಟ್ಟಿದೋರ ಥರ ಗುಟುರು ಹಾಕ್ತೈತೆ.’

‘ಗೂಳಿ ಗುಟುರು ಹಾಕ್ದೆ ಸಂಗೀತ ಹೇಳ್ತೈತಾ? ಅದ್ರ ಮೈ ನೋಡಲೇ ತಿಮ್ಮ. ಕೊಡ್ಲಿಲಿ ಕಡ್ದಂಗೈತೆ.’

‘ತಗಡು ಮಡಿಚ್ದಂಗೈತೆ ಅನ್ನು. ಕುದುರೆ ಮೈ ಸವರಿದ್ರೆ ಎಲ್ಲೂ ಬೆರಳು ನಿಲ್ಲಾಕಿಲ್ಲ. ಹಂಗೆ ಜಾರ್ತೈತೆ.’

‘ಸವರಾಕೆ ಬಿಟ್ರೆ ತಾನೆ!’

ಭಾನುವಾರ ನೋಡಿದ ಎರಡು ಗಂಟೆಯನ್ನು ಸೋಮವಾರದಿಂದ ಶನಿವಾರದವರೆಗೆ ಮೆಲುಕು ಹಾಕುತ್ತಿದ್ದರು. ಕುದುರೆಯ ಕೆಂಪು ಹೆಚ್ಚೋ, ಗೂಳಿಯ ಹಳದಿ ಹೆಚ್ಚೋ. ಬಾಗಿಲು ಪಕ್ಕಕ್ಕೆ ತೆರೆದರೆ ಮರ್ಯಾದೆಯೋ, ಮೇಲಕ್ಕೆ ತೆರೆದರೆ ಮರ್ಯಾದೆಯೋ. ಕಂಕುಳು ಎತ್ತಿಕೊಂಡು ನಿಂತವರ ಹಾಗೆ ಕಾಣುತ್ತದೆ ಎಂದು ತಿಮ್ಮಪ್ಪ ಹೀಯಾಳಿಸಿದರೆ ರಂಗಯ್ಯ ಅವತ್ತು ಮಧ್ಯಾಹ್ನದ ಚಹಾ ಒಬ್ಬನೇ ಕುಡಿಯುತ್ತಿದ್ದ. ಸಂಜೆಯ ಚಹಾಕ್ಕೆ ಮತ್ತೆ ಜೊತೆ.

ಒಮ್ಮೆ ಕನ್ನಡ ಬಲ್ಲ ಹುಡುಗಿಯೊಬ್ಬಳು, ಗೂಳಿ ಕಾರಿನವಳು, ರಂಗಯ್ಯನಿಗೆ ಒಂದು ಕಥೆ ಹೇಳಿ ಹೋದಳು. ಗೂಳಿ ಕಾರು ಮಾಡಿದವನು ಮೊದಲು ಟ್ರ್ಯಾಕ್ಟರ್ ಮಾಡುತ್ತಿದ್ದನಂತೆ. ಕುದುರೆ ಕಾರು ಕೊಂಡಿದ್ದನಂತೆ. ಏನೋ ತಕರಾರು ಹೇಳಲು ಹೋದರೆ, ಟ್ರ್ಯಾಕ್ಟರಿನವನಿಗೆ ಕಾರಿನ ವಿಚಾರ ಏನು ಗೊತ್ತು ಎಂದು ಕುದುರೆ ಯಜಮಾನ ಮುಖಕ್ಕೆ ಹೊಡೆದ ಹಾಗೆ ಅಂದುಬಿಟ್ಟನಂತೆ. ಆ ಸಿಟ್ಟಿಗೇ ಗೂಳಿ ಹುಟ್ಟಿತಂತೆ. ನಿಜವೋ ಸುಳ್ಳೋ, ಜನ ಹೀಗೆ ಹೇಳುತ್ತಾರೆ ಎಂದು ಹುಡುಗಿಯೇ ಅಂದಿದ್ದಳು. ರಂಗಯ್ಯನ ಕಿವಿಗೆ ಆ ಕೊನೆಯ ಮಾತು ಬೀಳಲೇ ಇಲ್ಲ. ‘ಟ್ರ್ಯಾಕ್ಟರ್!’ ಎಂದು ಸಪ್ಲೈಯರುಗಳನ್ನೆಲ್ಲ ಕರೆದು ಹೇಳಿದ. ಹೇಳುವ ಉತ್ಸಾಹದಲ್ಲಿ ತಿಮ್ಮಪ್ಪನ ಕಡೆ ತಿರುಗಿ, ‘ಕುರಿ ಕಾಯೋನಿಗೆ ಕುದುರೆ ವಿಚಾರ ಏನಪ್ಪ ಗೊತ್ತು?’ ಅಂದುಬಿಟ್ಟ. ಎಲ್ಲರೂ ನಕ್ಕರು. ತಿಮ್ಮಪ್ಪ ನಗಲಿಲ್ಲ. ಆ ವಾರವೆಲ್ಲ ಎರಡು ಸ್ಟೂಲಿನ ಮಧ್ಯೆ ಮಾತಿರಲಿಲ್ಲ.

ಮುಂದಿನ ಭಾನುವಾರವೇ ಅದು ನಡೆದದ್ದು. ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿದ್ದ ವರ್ಷದ ಚಳಿಗಾಲ. ಬೆಳಗಿನ ಮಂಜು ಇನ್ನೂ ಹರಿದಿರಲಿಲ್ಲ. ಒಂದು ಕೆಂಪು ಕುದುರೆ ಬಂತು, ಅದರ ಹಿಂದೆ ಒಂದು ಹಳದಿ ಗೂಳಿ. ಗೂಳಿಯ ಬಣ್ಣಕ್ಕೆ ಹೊಳಪಿರಲಿಲ್ಲ, ಅರೆದ ಅರಿಶಿನದ ಹಾಗೆ ಮಂಕಾಗಿತ್ತು. ರಂಗಯ್ಯ ಆಚೆ ಗೇಟಿನಲ್ಲಿ ಬಸ್ಸಿಗೆ ದಾರಿ ಬಿಡಿಸುತ್ತಿದ್ದ. ತಿಮ್ಮಪ್ಪ ಒಬ್ಬನೇ ಹಲಗೆ ಇಟ್ಟು ಎರಡನ್ನೂ ಹತ್ತಿಸಿ ಬೇವಿನ ಮರದ ಪಕ್ಕ ನಿಲ್ಲಿಸಿದ. ಕಾರಿನವರು ಒಳಗೆ ಹೋದರು. ಮಂಜಿನೊಳಗಿಂದ ಒಂದು ಕೋಲು ಬಿಸಿಲು ಇಳಿದು ಗೂಳಿಯ ಬೆನ್ನಿನ ಮೇಲೆ ಬಿತ್ತು. ಇಷ್ಟು ವರ್ಷ ಬೈದುಕೊಂಡು ಬಂದ ಆ ಮಡಿಕೆಗಳು, ಆ ಅಂಚುಗಳು, ತಲೆ ತಗ್ಗಿಸಿ ಹಾಯಲು ನಿಂತ ಹಾಗಿರುವ ಆ ಮೂತಿ, ಎಲ್ಲ ಒಟ್ಟಿಗೆ ಕಣ್ಣಿಗೆ ಬಂದವು. ತಿಮ್ಮಪ್ಪನ ಬಾಯಿಂದ ಮಾತು ತಾನಾಗಿ ಬಿತ್ತು. ‘ಅಬ್ಬಾ! ಏನ್ ಚೆಂದ ಐತೆ!’

ಅಂದವನೇ ನಾಲಗೆ ಕಚ್ಚಿಕೊಂಡ.

ಅವನ ಹಟ್ಟಿಯಲ್ಲಿ ಒಂದು ಕಟ್ಟಳೆ ಇದೆ, ಬೇರೆ ಕಡೆ ಇದೆಯೋ ಇಲ್ಲವೋ ನಾನರಿಯೆ. ಇನ್ನೊಬ್ಬರ ಮರಿಯನ್ನೋ ಟಗರನ್ನೋ ನೋಡಿ ಬಾಯಿಬಿಟ್ಟು ಚೆಂದ ಎಂದರೆ, ಅಂದವನೇ ಅದಕ್ಕೆ ಮಸಿಬೊಟ್ಟು ಇಡಬೇಕು. ಯಜಮಾನ ಇಟ್ಟರೆ ನಡೆಯುವುದಿಲ್ಲ. ಯಾರ ಕಣ್ಣು ಬಿತ್ತೋ ಅವರ ಬೆರಳೇ ಅದನ್ನು ತೆಗೆಯಬೇಕು. ತಿಮ್ಮಪ್ಪ ಹದಿನಾರರ ಹುಡುಗನಾಗಿದ್ದಾಗ ದೊಡ್ಡಪ್ಪನ ಟಗರನ್ನು ಹೊಗಳಿ, ಬೊಟ್ಟು ಇಡದೆ ನಕ್ಕು ಹೋಗಿದ್ದ. ಮೂರನೇ ದಿನ ಹೊಟ್ಟೆ ಉಬ್ಬರಿಸಿ ಟಗರು ಸತ್ತಿತು. ದೊಡ್ಡಪ್ಪ ಸಾಯುವವರೆಗೂ ಇವನ ಜೊತೆ ಮಾತಾಡಲಿಲ್ಲ. ಹೈವೇ ಮೇಲೆ ಗಾಳಿಯ ಹಾಗೆ ಹೋಗುವ ಕಾರು ಇದು, ಒಳಗೆ ಯಾರದೋ ಮನೆಯ ಮಗ ಕೂತಿರುತ್ತಾನೆ. ತಿಮ್ಮಪ್ಪ ತಡಮಾಡಲಿಲ್ಲ. ಹೋಟೆಲಿನ ಹಿಂದೆ ನೀರು ಕಾಯಿಸುವ ಹಂಡೆಯ ಬುಡದಿಂದ ಬೆರಳಿಗೆ ಮಸಿ ತೆಗೆದುಕೊಂಡ, ತಲೆಯ ಎಣ್ಣೆಗೆ ಒರೆಸಿ ಕಲಸಿದ, ಬಂದು ಗೂಳಿಯ ಹಿಂದಿನ ಮೂಲೆಯಲ್ಲಿ ದುಂಡಗೆ ಒಂದು ಬೊಟ್ಟು ಇಟ್ಟ. ಮನಸ್ಸು ಹಗುರಾಯಿತು. ಎಣ್ಣೆಮಸಿ ಆ ಮಂಕು ಬಣ್ಣಕ್ಕೆ ಇಳಿದರೆ ಬಿಡುವುದಿಲ್ಲ ಎಂದು ಅವನಿಗೆ ಯಾರು ಹೇಳಿದ್ದರು?

ಕಾರಿನವನು ಹೊರಗೆ ಬಂದು ನೋಡಿ ಕೈಗೆ ಸಿಕ್ಕ ಬಟ್ಟೆಯಿಂದ ಉಜ್ಜಿದ. ಬೊಟ್ಟು ಅಂಗೈಯಗಲ ಹರಡಿತು, ಬಟ್ಟೆಯಲ್ಲಿದ್ದ ಧೂಳು ಗೀರು ಎಳೆಯಿತು. ಅವನು ಕೂಗಾಡಿದ ರೀತಿಗೆ ಅಡುಗೆಯವರೆಲ್ಲ ಹೊರಗೆ ಬಂದರು. ಮ್ಯಾನೇಜರ್ ಗಿರೀಶ್ ಇಬ್ಬರು ಕಾವಲುಗಾರರನ್ನೂ ನಿಲ್ಲಿಸಿ ಕೇಳಿದ, ‘ಯಾರ್ರೀ ಇದನ್ನ ಮಾಡಿದ್ದು?’

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ತಿಮ್ಮಪ್ಪನ ಬಲಗೈ ಪ್ಯಾಂಟಿನ ಜೇಬಿಗೆ ಹೋಯಿತು. ರಂಗಯ್ಯ ಅದನ್ನು ನೋಡಿದ. ನೋಡಿ, ಇವನು ಏನಾದರೂ ಹೇಳುತ್ತಾನೇನೋ ಎಂದು ಸ್ವಲ್ಪ ಹೊತ್ತು ಮುಖವನ್ನೇ ದಿಟ್ಟಿಸಿದ. ತಿಮ್ಮಪ್ಪ ನೆಲ ನೋಡಿದ. ಇವನ ಬಾಯಿಗೆ ಏನಾಗಿತ್ತು ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ.

‘ನಾನೇ ಸಾರ್,’ ಅಂದ ರಂಗಯ್ಯ. ‘ನಂಗೆ ಆ ಗಾಡಿ ಅಂದ್ರೆ ಪ್ರಾಣ. ದೃಷ್ಟಿ ಆಗ್ಬಾರ್ದು ಅಂತ ಇಟ್ಟೆ.’

ಅವತ್ತೇ ಅವನ ಕೆಲಸ ಹೋಯಿತು. ಅಂಗಿ ಬಿಚ್ಚಿ ಸ್ಟೂಲಿನ ಮೇಲೆ ಮಡಿಸಿಟ್ಟು, ತಿಮ್ಮಪ್ಪನ ಕಡೆ ತಿರುಗಿಯೂ ನೋಡದೆ, ಊರಿಗೆ ಹೋಗುವ ಹೊಸದುರ್ಗದ ಬಸ್ಸು ಹಿಡಿಯಲು ಹಿರಿಯೂರಿನ ಕಡೆ ನಡೆದುಕೊಂಡು ಹೋದ.

ಅದಾಗಿ ಎರಡು ವರ್ಷ. ರಂಗಯ್ಯನ ಜಾಗಕ್ಕೆ ಇನ್ನೊಬ್ಬನನ್ನು ಹಾಕಲಿಲ್ಲ, ಕ್ಯಾಮೆರಾ ಹಾಕಿದರು. ಎರಡನೇ ಸ್ಟೂಲು ಮರದ ಕೆಳಗೆ ಹಾಗೆಯೇ ಉಳಿಯಿತು. ಭಾನುವಾರ ಕುದುರೆ ಬಂದರೆ ತಿಮ್ಮಪ್ಪ ಒಳಗೊಳಗೇ ಹೊಗಳುತ್ತಿದ್ದ, ಆಮೇಲೆ ರಂಗಯ್ಯ ಏನನ್ನುತ್ತಿದ್ದ ಎಂದು ಯೋಚಿಸಿ ಅದನ್ನೂ ತಾನೇ ಹೇಳಿಕೊಳ್ಳುತ್ತಿದ್ದ. ಒಬ್ಬನೇ ಎರಡೂ ಕಡೆ ಎಷ್ಟು ದಿನ ಆಡುವುದು? ಗೂಳಿ ಬಂದರೆ ಮುಖ ತಿರುಗಿಸಿ ಹಲಗೆ ಇಡುತ್ತಿದ್ದ. ಎರಡು ಸಲ ರಂಗಯ್ಯನಿಗೆ ಫೋನ್ ಒತ್ತಿ, ರಿಂಗ್ ಆಗುವ ಮೊದಲೇ ಕತ್ತರಿಸಿದ. ತಪ್ಪು ಒಪ್ಪಿಕೊಳ್ಳುವುದು ಬಿಸಿತುಪ್ಪವಾಗಿ ಗಂಟಲಲ್ಲಿ ಕೂತಿತ್ತು, ನುಂಗಲೂ ಆಗದು, ಉಗುಳಲೂ ಆಗದು.

ಹೋದ ತಿಂಗಳು ಆ ಹಳದಿ ಗೂಳಿ ಮತ್ತೆ ಬಂತು. ಅದೇ ಕಾರಿನವನು. ದೋಸೆ ತಿಂದು ಬಂದವನು ತಿಮ್ಮಪ್ಪನ ಮುಖ ನೋಡಿ ಕೇಳಿದ, ‘ಬೊಟ್ಟು ಇಟ್ಟಿದ್ರಲ್ಲ, ಆ ಹಿರಿಯರು ಎಲ್ಲಿ? ನಮ್ಮಮ್ಮ ನನಗೆ ಚೆನ್ನಾಗಿ ಬೈದ್ರು. ಪ್ರೀತಿ ಇಲ್ಲದೆ ಯಾರೂ ದೃಷ್ಟಿ ತೆಗೆಯಲ್ಲ ಕಣೋ ಅಂದ್ರು. ನಾನು ಹಾಗೆ ಕೂಗಾಡಬಾರದಿತ್ತು. ಸಿಕ್ಕಿದ್ರೆ ಸಾರಿ ಕೇಳಿದೆ ಅಂತ ಹೇಳ್ತೀರಾ?’

ತಿಮ್ಮಪ್ಪ ತಲೆಯಾಡಿಸಿದ. ತನ್ನ ವಯಸ್ಸಿನ ಅರ್ಧವೂ ಇಲ್ಲದ ಹುಡುಗ ಒಂದೇ ಉಸಿರಿಗೆ ಹೇಳಿ ಮುಗಿಸಿದ ಮಾತನ್ನು ತಾನು ಎರಡು ವರ್ಷ ಹೊತ್ತುಕೊಂಡಿದ್ದೇನಲ್ಲ ಎಂದು ಅವನಿಗೆ ಅಳುವೇ ಬಂತು. ಮುಂದಿನ ಭಾನುವಾರಕ್ಕೆ ರಜೆ ಕೇಳಿದ. ಎಂಟು ವರ್ಷದಲ್ಲಿ ಅವನು ಒಂದು ಭಾನುವಾರವೂ ರಜೆ ಹಾಕಿರಲಿಲ್ಲ.

ಮಾರಿಕಣಿವೆಯಲ್ಲಿ ಬಸ್ಸಿಳಿದು ಕೇಳಿಕೊಂಡು ಹೋದ. ರಂಗಯ್ಯನ ಹೆಂಡತಿ ತಿಪ್ಪಮ್ಮ ಅಂಗಳದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ಹಿಂದೊಮ್ಮೆ ಹೋಟೆಲಿನಲ್ಲಿ ನೋಡಿದ್ದ ಮುಖ, ಗುರುತು ಹಿಡಿದಳು.

‘ಬರ್ರಿ ತಿಮ್ಮಣ್ಣ, ಕುಂತ್ಕಳ್ರಿ. ಅವ್ರು ಗುಡ್ಡದ್ ರಸ್ತೆ ತಿರುವಿನಾಗೆ ಅವ್ರೆ. ಭಾನ್ವಾರ ಬಂದ್ರೆ ಸಾಕು, ಬೆಳಿಗ್ಗೆನೇ ಹೋಗಿ ಕುಂತ್ಕಂತಾರೆ. ಏನ್ ಮಾಡ್ತೀರಿ ಅಂದ್ರೆ ಗಾಳಿ ಅಂತಾರೆ. ಮನೆತಾವ ಗಾಳಿ ಇಲ್ವಾ?’

‘ಅಲ್ಲಿಗೆ ಹೈವೇ ಕೇಳುಸ್ತೈತಾ ಅತ್ಗೆ?’

‘ಹೈವೇ ಎಲ್ಲೈತೆ, ಅಲ್ಲೆಲ್ಲೈತೆ!’ ಎಂದು ಅವಳು ನಕ್ಕಳು.

ತಿರುವಿನ ಕಲ್ಲಿನ ಮೇಲೆ ರಂಗಯ್ಯ ಬೆನ್ನು ಮಾಡಿ ಕೂತಿದ್ದ. ಸೊರಗಿಹೋಗಿದ್ದ. ತಿಮ್ಮಪ್ಪ ಒಂದು ಮಾರು ದೂರದಲ್ಲಿ ಕೂತ. ಇಬ್ಬರೂ ಕೆಳಗಿನ ನೀರು ನೋಡಿದರು. ಊರಿನಿಂದ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಚದುರಿಹೋಗಿತ್ತು.

‘ಅವತ್ತು ಬೊಟ್ಟು ಇಟ್ಟಿದ್ದು ನಾನು ರಂಗಣ್ಣ.’

‘ಗೊತ್ತು. ನಿನ್ ಕೈ ಜೇಬಿಗೆ ಹೋಯ್ತಲ್ಲ.’

‘ಮತ್ಯಾಕೆ ನಾನು ಅಂದೆ?’

ರಂಗಯ್ಯ ಕಲ್ಲಿನ ಪಕ್ಕದ ಹುಲ್ಲು ಕಿತ್ತು ಕಿತ್ತು ಎಸೆದ. ‘ನೀನು ಕುದುರೆ ಕಡೆಯೋನು ಅಂತ ಇಡೀ ಹೋಟ್ಲಿಗೆ ಗೊತ್ತಿತ್ತು. ನಿನ್ ಹೆಸರು ಬಂದಿದ್ರೆ ಹೊಟ್ಟೆಕಿಚ್ಚಿಗೆ ಬಳ್ದ ಅಂತಿದ್ರು. ಪೊಲೀಸ್ರನ್ನೇ ಕರೀತಿದ್ರೋ ಏನೋ. ನಾನು ಗೂಳಿ ಕಡೆಯೋನು. ನಾನಂದ್ರೆ ಪ್ರೀತಿಗೆ ಇಟ್ಟ ಅಂತ ನಂಬ್ತಾರೆ. ಅಷ್ಟೇಯ.’

ತಿಮ್ಮಪ್ಪ ಎರಡು ವರ್ಷದಲ್ಲಿ ಏನೇನೋ ಯೋಚಿಸಿದ್ದ, ಇದೊಂದು ಹೊಳೆದಿರಲಿಲ್ಲ.

‘ಕೆಲ್ಸ ಹೋಗಿದ್ದು ನಂಗೇನ್ ದೊಡ್ದಲ್ಲ ತಿಮ್ಮ. ಸೊಂಟಕ್ಕೂ ಆಗ್ತಿರ್ಲಿಲ್ಲ. ಆದ್ರೆ ನಾನೂ ಅವ್ರಂಗೇ ಅಂದ್ಕಂಡೆ. ಕುರಿ ಕಾಯೋನು ಅಂತ ಎಲ್ಲಾರ ಮುಂದೆ ನಿನ್ನ ಆಡ್ಕಂಡೆನಲ್ಲ, ಆ ಸಿಟ್ಟಿಗೆ ನನ್ ಗೂಳಿಗೆ ಮಸಿ ಬಳ್ದ ಅಂದ್ಕಂಡೆ. ಬೇಕಾದ್ರೆ ನನ್ ಮುಖಕ್ಕೆ ಬಳ್ದಿದ್ರೆ ಆಗ್ತಿತ್ತಲ್ಲ, ಅದೇನ್ ಮಾಡಿತ್ತು ನಿಂಗೆ? ಬಸ್ ಬರೋಗಂಟ ಹಿಂದೆ ಬಂದು ಹೇಳ್ತೀಯ ಅಂತ ಕಾದೆ. ಎರಡು ಬಸ್ ಬಿಟ್ಟೆ.’

‘ಬಳ್ದಿದ್ದಲ್ಲ ರಂಗಣ್ಣ! ಕಣ್ ಬಿತ್ತು. ಅವತ್ತು ಬಿಸ್ಲು ಬಿದ್ದಿತ್ತು ಅದ್ರ ಬೆನ್ ಮೇಲೆ. ಚೆಂದ ಐತೆ ಅಂತ ಬಾಯ್ಬಿಟ್ಟು ಅಂದ್ಬಿಟ್ಟೆ. ನಮ್ ಹಟ್ಟಿನಾಗೆ ಅಂದೋನೇ ಬೊಟ್ಟು ಇಡ್ಬೇಕು.’ ತಿಮ್ಮಪ್ಪ ಈಗ ಅಳುತ್ತಿದ್ದ. ‘ನಿಂಗೆ ಸೋತೆ ಅಂತ ಒಪ್ಕಣಾಕೆ ನಾಚ್ಕೆ ಆಯ್ತು. ಬೊಟ್ಟು ಇಟ್ಟೆ ಅಂದ್ರೆ ಗೂಳಿ ಚೆಂದ ಅಂತ ಒಪ್ಕಂಡಂಗಲ್ವಾ? ಅದ್ಕೇ ಬಾಯಿ ಬರ್ಲಿಲ್ಲ.’

ಯಾವ ಕಾರು ಚೆಂದ ಎಂಬ ಒಂದು ಮಾತಿಗೆ ಇಬ್ಬರು ಮುದುಕರು ಎರಡು ವರ್ಷ ಕಳೆದುಕೊಂಡಿದ್ದರು. ಆ ಕಾರುಗಳಿಗೆ ಇವರಿಬ್ಬರ ಹೆಸರೂ ಗೊತ್ತಿಲ್ಲ.

‘ಗೂಳಿ ಚೆಂದ ಅಂದ್ಯಾ?’ ಕೇಳಿದ ರಂಗಯ್ಯ.

‘ಅಂದೆ.’

‘ಕುದುರೆಗಿಂತ?’

ತಿಮ್ಮಪ್ಪ ಮೂಗು ಒರೆಸಿಕೊಂಡ. ‘ಅವತ್ತು, ಆ ಬಿಸ್ಲಾಗೆ, ಹೂಂ.’

ರಂಗಯ್ಯ ನಗಲು ಹೋದ, ಆಗಲಿಲ್ಲ. ಗೆದ್ದವನ ಮುಖ ಅದಲ್ಲ. ಎದ್ದು, ‘ನಡಿ, ಮುದ್ದೆ ಆರ್ತೈತೆ,’ ಅಂದ.

ಉಣ್ಣುವಾಗ ತಿಮ್ಮಪ್ಪ, ಕಾರಿನ ಹುಡುಗ ಹೇಳಿ ಕಳಿಸಿದ ಮಾತನ್ನೂ ಹೇಳಿದ. ವಾಪಸು ಬಾ, ನಾನು ಗಿರೀಶ್ ಸಾರಿಗೆ ಎಲ್ಲ ಹೇಳುತ್ತೇನೆ ಎಂದ. ರಂಗಯ್ಯ ಸೊಂಟ ತೋರಿಸಿದ. ‘ಇನ್ನ ಆಗಾಕಿಲ್ಲಪ್ಪ. ನೀನೂ ಏನೂ ಹೇಳ್ಬೇಡ. ಪ್ರೀತಿಗೆ ಇಟ್ಟ ಅಂತ ಅವ್ರ ತಾಯಿ ಅಂದ್ರಲ್ಲ, ಸಾಕು. ಇಬ್ರಿಗೂ ಸಾಕು.’

ಬಸ್ಸು ಬಂತು. ತಿಮ್ಮಪ್ಪ ಹತ್ತಿ ಕಿಟಕಿ ಪಕ್ಕ ಕೂತ. ಕೆಳಗೆ ನಿಂತಿದ್ದ ರಂಗಯ್ಯ ಏನೋ ಯೋಚಿಸುತ್ತಿದ್ದವನು, ಬಸ್ಸು ಕದಲುವಾಗ ಕಿಟಕಿಯ ಸರಳು ಹಿಡಿದುಕೊಂಡು ಎರಡು ಹೆಜ್ಜೆ ಜೊತೆಗೆ ಬಂದ.

‘ಲೇ ತಿಮ್ಮ, ನೀನು ಗೂಳಿ ಕಡೆ ಬಂದ್ಬಿಟ್ರೆ ಕುದುರೆ ಕಡೆ ಯಾರವ್ರೆ? ಇನ್ಮೇಲೆ ನಾನಿರ್ತೀನಿ. ಅದ್ರ ದನಿ ಐತಲ್ಲ…’

ಉಳಿದದ್ದು ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲ.

ಮುಂದಿನ ಭಾನುವಾರ ಎಂಟಕ್ಕೆ ಒಂದು ಕುದುರೆ, ಒಂದು ಗೂಳಿ ಬಂದವು. ತಿಮ್ಮಪ್ಪ ಒಬ್ಬನೇ ಹಲಗೆ ಇಟ್ಟ, ಒಬ್ಬನೇ ಹೊಟ್ಟೆ ನೋಡಿದ, ಒಬ್ಬನೇ ಕೈ ಆಡಿಸಿದ. ಕಾರಿನವರು ಒಳಗೆ ಹೋದ ಮೇಲೆ ಬೇವಿನ ಮರದ ಕೆಳಗೆ ಬಂದು ಕೂತು, ಖಾಲಿ ಸ್ಟೂಲಿನ ಕಡೆ ತಿರುಗಿ, ಗೂಳಿಯ ಮೈಕಟ್ಟಿನ ಬಗ್ಗೆ ಹೇಳಬೇಕಾದ್ದನ್ನೆಲ್ಲ ಸಣ್ಣ ದನಿಯಲ್ಲಿ ಹೇಳಿದ. ಕುದುರೆಯ ಪರವಾಗಿ ರಂಗಯ್ಯ ಏನನ್ನುತ್ತಾನೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎಲ್ಲ ತಾನೇ ಕಲಿಸಿದ ಮಾತು. ಆದರೂ ಅದನ್ನು ಮಾತ್ರ ಅವನು ಆಡಲಿಲ್ಲ. ಅದು ಈಗ ರಂಗಯ್ಯನ ಪಾಲಿನದು ಎಂದು ಸುಮ್ಮನಾದ.